ಬರ್ಲಿನ್‌ನಲ್ಲಿ ಬಾಡಿಗೆ ಮನೆ: ಟಿಕೆಟ್‌ಗಿಂತ ಮೊದಲು ಯೋಚಿಸಿ

ಮಕ್ಕಳನ್ನು ಜರ್ಮನಿಗೆ ಕಳಿಸುವ ಮನೆಗಳು ಈಗ ನಮ್ಮ ಸೊಲ್ಲಾಪುರ, ಅಕ್ಕಲಕೋಟ ಭಾಗದಲ್ಲೂ ಇವೆ. ವೀಸಾ ಬಂತಾ, ಫೀ ಕಟ್ಟಿದಿರಾ ಅಂತ ಎಲ್ಲರೂ ಕೇಳುತ್ತಾರೆ. ‘ಹುಡುಗ ಅಲ್ಲಿ ಇಳಿದ ಮೇಲೆ ಇರೋದೆಲ್ಲಿ?’ ಅಂತ ಕೇಳುವವರು ವಿರಳ. ಬರ್ಲಿನ್‌ನಲ್ಲಿ ನೌಕರಿಗೆಂದು ಮೂರು ವರ್ಷ ಇದ್ದು ಬಂದವನಾಗಿ ಹೇಳುತ್ತೇನೆ: ಅಲ್ಲಿ ನನಗೆ ಕೆಲಸ ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ.

ಬರ್ಲಿನ್ ಬಾಡಿಗೆದಾರರ ಊರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲೇ ಇವೆ. ಕಾನೂನೂ ಅವರ ಬೆನ್ನಿಗಿದೆ. ತಕ್ಕ ಕಾರಣವಿಲ್ಲದೆ ಮಾಲೀಕ ಮನೆ ಖಾಲಿ ಮಾಡಿಸುವಂತಿಲ್ಲ. ಹೊಸ ಕರಾರಿನ ಬಾಡಿಗೆ ಆ ಭಾಗದ ರೂಢಿಯ ದರಕ್ಕಿಂತ ಶೇ. 10ಕ್ಕೂ ಹೆಚ್ಚಿರಬಾರದೆಂಬ ಮಿತಿ 2015ರಲ್ಲಿ ಬಂತು. ಆದರೆ ಹೊಸ ಕಟ್ಟಡಗಳಿಗೆ, ತಾತ್ಕಾಲಿಕ ಬಾಡಿಗೆಗೆ ಅದು ಅನ್ವಯಿಸದು. ಪರದೇಶದಿಂದ ಬಂದವನ ಪಾಲಿಗೆ ಮೊದಲು ಬರೋದು ಇಂಥವೇ. ಹಳೇ ಕರಾರಿನವ ಕಡಿಮೆ ಬಾಡಿಗೆಯ ಮನೆ ಬಿಟ್ಟು ಏಳುವುದಿಲ್ಲ, ಏಕೆ ಏಳಬೇಕು? ಒಳಗಿದ್ದವನಿಗೆ ಕೋಟೆ, ಹೊರಗಿನವನಿಗೆ ಅಗಸಿಯೇ ತೆರೆಯದು.

ಮಾಲೀಕ ಕೇಳುವುದು ಮೂರು ತಿಂಗಳ ಪಗಾರ ಚೀಟಿ, ಹಿಂದಿನ ಮಾಲೀಕನಿಗೆ ಬಾಕಿ ಇಲ್ಲವೆಂಬ ಪತ್ರ, ಮತ್ತೆ ‘ಶೂಫಾ’. ಶೂಫಾ ಎಂದರೆ ಈತ ಸಾಲ ಸರಿಯಾಗಿ ತೀರಿಸುವವನೇ ಎಂಬ ವರದಿ. ಕಂತಿನ ವ್ಯಾಪಾರಕ್ಕೆಂದು 1927ರಲ್ಲಿ ಬರ್ಲಿನ್‌ನಲ್ಲೇ ಹುಟ್ಟಿದ ಸಂಸ್ಥೆ ಅದು. ಅಡತಿ ಅಂಗಡಿಯಲ್ಲಿ ಹೊಸ ಗಿರಾಕಿಯ ಬಗ್ಗೆ ನಾವು ನಾಲ್ಕು ಜನರನ್ನು ವಿಚಾರಿಸುವುದಿಲ್ಲವೇ? ಹಾಗೇ. ಕೇಳೋದು ತಪ್ಪಲ್ಲ. ಆದರೆ ನಿನ್ನೆ ಇಳಿದವನಿಗೆ ಹಿಂದಿನ ಮಾಲೀಕ ಎಲ್ಲಿಂದ ಬರಬೇಕು?

ಇನ್ನೊಂದು ಗಂಟು ವಿಳಾಸದ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವನ ಸಹಿ ಬೇಕು. ತೆರಿಗೆ ನಂಬರ್ ಬರೋದು ಆ ನಂತರ. ಮನೆಗೆ ಕಾಗದ ಬೇಕು, ಕಾಗದಕ್ಕೆ ಮನೆ ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು!

ನಾನು ಬರೆದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ಜನಾಂಗ ನೋಡಿ ಮನೆ ನಿರಾಕರಿಸಬಾರದೆಂದು ಅಲ್ಲಿ 2006ರ ಕಾನೂನಿದೆ. ಆದರೆ ಮೌನಕ್ಕೆ ಸಾಕ್ಷಿ ಎಲ್ಲಿಂದ ತರೋದು? ಹಾಗಂತ ಅವರನ್ನಷ್ಟೇ ಬೈಯುವಂತಿಲ್ಲ. ‘ನಿಮ್ಮದು ಯಾವ ಜಾತಿ, ಮಾಂಸ ತಿಂತೀರೇನ್ರೀ?’ ಅಂತ ನಮ್ಮಲ್ಲಿ ಬಾಗಿಲಲ್ಲೇ ಕೇಳುತ್ತಾರೆ.

ಈ ಪರದಾಟವೇ ಮೋಸಗಾರರಿಗೆ ಸುಗ್ಗಿ. ‘ನಾನು ಬೇರೆ ದೇಶದಲ್ಲಿದ್ದೇನೆ, ಮುಂಗಡ ಹಾಕಿ, ಕೀಲಿಕೈ ಅಂಚೆಯಲ್ಲಿ ಬರುತ್ತದೆ’ ಎಂಬ ಪತ್ರ ನನಗೂ ಬಂದಿತ್ತು. ಫೋಟೋ ಚೆಂದ, ಬಾಡಿಗೆ ಅಗ್ಗ. ಹಲ್ಲು ನೋಡದೆ ಸಂತೆಯಲ್ಲಿ ಎತ್ತಿಗೆ ದುಡ್ಡು ಎಣಿಸುತ್ತೀರಾ? ಮನೆ ನೋಡದೆ ಒಂದು ಪೈಸಾನೂ ಕಳಿಸಬೇಡಿ.

ಕಾನೂನು ತಿಳಿದಿರಲಿ. ಮುಂಗಡ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಮಾಲೀಕ ಅದನ್ನು ಬೇರೆ ಖಾತೆಯಲ್ಲಿಡಬೇಕು. ದಲಾಲನನ್ನು ಯಾರು ಗೊತ್ತು ಮಾಡಿದರೋ ಅವರೇ ದಲಾಲಿ ಕೊಡಬೇಕೆಂಬ ನಿಯಮ 2015ರಲ್ಲಿ ಬಂದಿದೆ. ವಿದ್ಯಾರ್ಥಿ ವೀಸಾಕ್ಕೆ ಖಾತೆಯಲ್ಲಿ ತೋರಿಸಬೇಕಾದ ಹಣ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 11,904 ಯೂರೋ ಆಯಿತು. ಅದರಲ್ಲಿ ಕೈಗೆ ಬರೋದು ತಿಂಗಳಿಗೆ 992 ಮಾತ್ರ. ಆದ್ದರಿಂದ ಮುಂಗಡದ ದುಡ್ಡು ಬೇರೆಯೇ ತೆಗೆದಿಡಬೇಕು. ಹೊಲ ಒತ್ತೆಯಿಟ್ಟು ಕಳಿಸುವ ತಂದೆ ಈ ಲೆಕ್ಕ ಮೊದಲೇ ಹಾಕಲಿ. ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹೋಗಲಿ. ಅರ್ಜಿ ಬರೆಯುವಷ್ಟು ಜರ್ಮನ್ ಇಲ್ಲಿಂದಲೇ ಕಲಿತು ಹೋಗಲಿ. ಕನ್ನಡ, ಮರಾಠಿ ಎರಡನ್ನೂ ಅಂಗಳದಲ್ಲೇ ಕಲಿತ ಮಕ್ಕಳಿಗೆ ಇನ್ನೊಂದು ಭಾಷೆ ಭಾರವಲ್ಲ.

ಇಷ್ಟಾದರೂ ಹೊಣೆಯೆಲ್ಲ ಬಂದವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಕರೆಸಿಕೊಂಡ ಕಂಪನಿ, ಸೀಟು ಕೊಟ್ಟ ವಿಶ್ವವಿದ್ಯಾಲಯ ಮೊದಲ ಆರು ತಿಂಗಳು ನೋಂದಣಿಗೆ ಸಹಿ ಸಿಗುವ ಒಂದು ಕೋಣೆಯನ್ನಾದರೂ ಕೊಡಬೇಕು. ಕಬ್ಬು ಕಡಿಯಲು ಬಂದ ಗ್ಯಾಂಗಿಗೆ ಹೊಲದಂಚಿನಲ್ಲಿ ಗುಡಿಸಲಿನ ಜಾಗ ತೋರಿಸಿದ ಮೇಲೇ ನಾವು ಕೊಯ್ತದ ಮಾತಾಡುತ್ತೇವೆ. ಅಷ್ಟು ದೊಡ್ಡ ನಗರಕ್ಕೆ ಇಷ್ಟು ಮಾಡಲಾಗದೇ?