ಮನೆದೇವರನ್ನು ಕೇಳಬೇಡಿ

ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡಲು ಮನೆ ಇರುವವರೇ, ಈ ಮಾತು ನಿಮಗೇ.

ಟು-ಲೆಟ್ ಬೋರ್ಡ್ ನೋಡಿ ಬಂದವರನ್ನು ನೇರವಾಗಿ ಜಾತಿ ಕೇಳಲು ನಿಮಗೆ ಸಂಕೋಚ. ಅದಕ್ಕೇ ‘ಯಾವ ಕಡೆಯವರು? ಮನೆದೇವರು ಯಾವುದು? ಮನೇಲಿ ನಾನ್‌ವೆಜ್ ಮಾಡ್ತೀರಾ?’ ಎಂದು ಸುತ್ತಿ ಬಳಸಿ ಕೇಳುತ್ತೀರಿ. ಫೋನಿನಲ್ಲಿ ‘ಬಂದು ನೋಡಿ’ ಎಂದವರು ಹೆಸರು ಕೇಳಿದ್ದೇ ತಡ, ‘ಅಯ್ಯೋ, ಈಗಷ್ಟೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದರು’ ಎನ್ನುತ್ತೀರಿ. ಮುಂದಿನ ವಾರವೂ ಬೋರ್ಡು ಗೇಟಿನಲ್ಲೇ ತೂಗುತ್ತಿರುತ್ತದೆ. ಅದೇ ರಸ್ತೆಯಲ್ಲಿ ಮಗಳನ್ನು ಶಾಲೆಗೆ ಬಿಡಲು ಹೋಗುವಾಗ, ನೀವು ಹಾಗೆ ಹಿಂದಕ್ಕೆ ಕಳಿಸಿದ ತಂದೆಯೊಬ್ಬ ಅದನ್ನು ಓದುತ್ತಾನೆ. ಅಕ್ಷರ ಕಲಿತ ಮಗಳೂ ಓದುತ್ತಾಳೆ. ‘ಅಪ್ಪಾ, ಈ ಮನೆ ಖಾಲಿ ಇದೆಯಲ್ಲ?’ ಎಂದು ಅವಳು ಕೇಳಿದರೆ ಅವನು ಏನು ಹೇಳಬೇಕು?

‘ನನ್ನ ಮನೆ, ನನ್ನಿಷ್ಟ’ ಎನ್ನಬಹುದು. ಕಾನೂನೂ ನಿಮ್ಮನ್ನು ಹೆಚ್ಚೇನೂ ತಡೆಯುವುದಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿ ಅಲ್ಲಿ ಭೇದ ಕೂಡದೆಂದಿತು. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಅಹಮದಾಬಾದಿನ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದು ನಿಯಮ ಮಾಡಿಕೊಂಡಿದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಹಾಗಾಗಿ ಈ ವಿಷಯದಲ್ಲಿ ಬಹುಮಟ್ಟಿಗೆ ಉಳಿದಿರುವುದು ನಿಮ್ಮ ಅಂತಃಸಾಕ್ಷಿಯೇ.

ಅದೇ ಅಹಮದಾಬಾದಿನ ಜುಹಾಪುರವನ್ನು ನೋಡಿ. 1973ರ ಸಾಬರಮತಿ ಪ್ರವಾಹದಲ್ಲಿ ಮನೆ ಕಳೆದುಕೊಂಡ ಹಿಂದೂಗಳೂ ಮುಸ್ಲಿಮರೂ ಅಲ್ಲಿ ಒಟ್ಟಿಗೆ ನೆಲೆಯಾಗಿದ್ದರು. ಗಲಭೆಯ ಮೇಲೆ ಗಲಭೆಯಾಯಿತು. ಬೇರೆ ಬಡಾವಣೆಗಳಲ್ಲಿ ಮುಸ್ಲಿಮರಿಗೆ ಮನೆ ಸಿಗದಾಯಿತು. ಇಂದು ಲಕ್ಷಗಟ್ಟಲೆ ಮುಸ್ಲಿಮರು ಅಲ್ಲೇ ಒತ್ತೊತ್ತಾಗಿ ಬದುಕುತ್ತಿದ್ದಾರೆ. ‘ಅವರಿಗೆ ಅವರವರ ಜೊತೆಗಿರುವುದೇ ಇಷ್ಟ’ ಎನ್ನುವವರು, ಎಷ್ಟು ಗೇಟುಗಳಿಂದ ಹಿಂದಿರುಗಿ ಅವರು ಅಲ್ಲಿಗೆ ಬಂದರು ಎಂದು ಕೇಳುವುದೇ ಇಲ್ಲ.

ನಮ್ಮೂರಿಗೂ ಒಂದು ಆಗಸ್ಟ್ ಬಂದಿತ್ತು. 2012ರಲ್ಲಿ, ತಮ್ಮ ಮೇಲೆ ದಾಳಿಯಾಗುತ್ತದೆಂಬ ಬರೀ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿ ರೈಲು ಹತ್ತಿದರು. ‘ಎಲ್ಲಿಗೂ ಹೋಗಬೇಡಿ, ನಾವಿದ್ದೇವೆ’ ಎಂದು ಬಾಗಿಲು ತಟ್ಟಿ ಹೇಳುವ ನೆರೆಯವರು ಅವರಲ್ಲಿ ಎಷ್ಟು ಜನಕ್ಕಿದ್ದರು? ವರ್ಷಗಟ್ಟಲೆ ಬಾಡಿಗೆ ಎಣಿಸಿಕೊಂಡ ನಾವು ಅವರ ಅಡುಗೆಯ ವಾಸನೆಗೆ ಮೂಗು ಮುಚ್ಚಿಕೊಂಡದ್ದೇ ಹೆಚ್ಚು.

ಸಿಂಗಪುರ 1989ರಿಂದ ತನ್ನ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಯಾವ ಜನಾಂಗವೂ ಮಿತಿಮೀರಿ ಒಂದೇ ಕಡೆ ಸೇರದಂತೆ ನಿಯಮ ಮಾಡಿಕೊಂಡಿದೆ. ಇಲ್ಲಿ ಅಂಥ ನಿಯಮಕ್ಕೆ ಕಾಯುತ್ತ ಕೂರಬೇಡಿ.

‘ಅಕ್ಕಪಕ್ಕದವರು ಏನಂದಾರು’ ಎಂಬ ಭಯವೇ? ಅವರೂ ನಿಮಗೆ ಹೆದರಿ ಅದನ್ನೇ ಮಾಡುತ್ತಿದ್ದಾರೆ. ಯಾರಾದರೊಬ್ಬರು ಮೊದಲಾಗಬೇಕು, ನೀವಾಗಿ. ಬಾಡಿಗೆ ಎಷ್ಟು, ಕೆಲಸ ಎಲ್ಲಿ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಇಷ್ಟು ಮಾತಾಡಿ ಕೀಲಿ ಕೊಡಿ. ‘ಇಂಥವರನ್ನು ಕರೆತರಬೇಡ’ ಎಂದು ಬ್ರೋಕರ್‌ಗೆ ಹೇಳಿದ್ದರೆ ಇವತ್ತೇ ಫೋನ್ ಮಾಡಿ ಆ ಮಾತು ವಾಪಸ್ ತೆಗೆದುಕೊಳ್ಳಿ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಯಾರಾದರೂ ‘ನಮ್ಮಂಥವರಿಗಷ್ಟೇ ಕೊಡೋಣ’ ಎಂದಾಗ ಎದ್ದು ನಿಂತು, ನಡಾವಳಿಯಲ್ಲಿ ನಿಮ್ಮ ಹೆಸರು ದಾಖಲಾಗುವಂತೆ, ಒಪ್ಪುವುದಿಲ್ಲ ಎನ್ನಿ.