ಹಳೆಯ ನಾಡದೋಣಿಗೆ ಔಟ್‌ಬೋರ್ಡ್ ಇಂಜಿನು

ಹುಟ್ಟು ಹಾಕುವ ಶ್ರಮವನ್ನು ತಗ್ಗಿಸಿ, ಮೀನು ಬೇಗನೆ ದಡ ಸೇರುವಂತೆ ಮಾಡಿದ ಔಟ್‌ಬೋರ್ಡ್ ಇಂಜಿನು ನಮ್ಮ ಕರಾವಳಿಯ ಮೀನುಗಾರರಿಗೆ ಮಹೋಪಕಾರವನ್ನು ಮಾಡಿರುವುದು. ಆದರೆ ಹಳೆಯ ದೋಣಿಯುಳ್ಳವರು ಇಂಜಿನನ್ನು ಮೊದಲು ಕೊಂಡು, ದೋಣಿಯನ್ನು ಆಮೇಲೆ ನೋಡುವುದು ಹಿತಕರವಲ್ಲ. ಎತ್ತಿನ ಹೆಗಲನ್ನು ನೋಡದೆ ನೇಗಿಲನ್ನು ಕೊಳ್ಳುವ ರೈತನುಂಟೇ?

ಮೊದಲು ಪರೀಕ್ಷಿಸತಕ್ಕದ್ದು ಇಂಜಿನು ಕೂರುವ ಹಿಂಬದಿಯ ಅಡ್ಡಹಲಗೆಯನ್ನು. ಕೊಡತಿಯಿಂದ ತಟ್ಟಿದಾಗ ಗಟ್ಟಿಮರವು ಸ್ಪಷ್ಟವಾಗಿ ನುಡಿಯುವುದು. ಲಡ್ಡು ಹಿಡಿದ ಮರವು ಮಂಕಾದ ಶಬ್ದವನ್ನು ಕೊಡುವುದು. ಚಾಕುವಿನ ಮೊನೆಯು ಸಲೀಸಾಗಿ ಇಳಿದರೆ ಆ ಹಲಗೆಯನ್ನು ಬದಲಾಯಿಸಲೇಬೇಕು. ಎರಡು ತುದಿಗಳೂ ಚೂಪಾಗಿರುವ ದೋಣಿಗೆ ಅಡ್ಡಹಲಗೆಯೇ ಇಲ್ಲವಾದ್ದರಿಂದ, ಪಕ್ಕಕ್ಕೆ ಕಟ್ಟುವ ಚೌಕಟ್ಟನ್ನು ಬರಿಯ ಹಲಗೆಗಲ್ಲದೆ ಒಳಗಿನ ಅಡ್ಡತೊಲೆಗಳಿಗೆ ಬಿಗಿಯತಕ್ಕದ್ದು.

ಅಶ್ವಶಕ್ತಿ ಹೆಚ್ಚಾದಷ್ಟೂ ವೇಗ ಹೆಚ್ಚುವುದೆಂಬುದು ತಪ್ಪು ತಿಳಿವಳಿಕೆ. ನೀರನ್ನು ಸೀಳಿ ಸಾಗುವ, 25 ಅಡಿ ನೀರುಗೆರೆಯ ಭಾರದ ದೋಣಿಯು ಗಂಟೆಗೆ ಸುಮಾರು 6½ ನಾಟಿಕಲ್ ಮೈಲಿಯನ್ನು ಮೀರುವುದು ಕಷ್ಟ. ಮಿಕ್ಕ ಶಕ್ತಿಯು ಎಣ್ಣೆಯನ್ನು ಸುಟ್ಟು, ಹಳೆಯ ಹಲಗೆಗಳ ಸಂದುಗಳನ್ನು ಸಡಿಲಿಸುವುದು.

ಇಂಜಿನಿನ ದಂಡದ ಉದ್ದವನ್ನೂ ಅಳೆದೇ ಆರಿಸಬೇಕು. ಗಿಡ್ಡ ದಂಡವು ಸುಮಾರು 15 ಅಂಗುಲದ, ಉದ್ದ ದಂಡವು ಸುಮಾರು 20 ಅಂಗುಲದ ಅಡ್ಡಹಲಗೆಗೆ ಹೊಂದುವುವು. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಟ್ಟೆಯು ದೋಣಿಯ ತಳಕ್ಕೆ ಸಮನಾಗಿ, ಇಲ್ಲವೇ ಒಂದು ಅಂಗುಲ ಕೆಳಗೆ ಇರಬೇಕು. ಮೇಲಾದರೆ ಪ್ರೊಪೆಲ್ಲರು ಗಾಳಿಯನ್ನು ಹೀರಿ ವ್ಯರ್ಥವಾಗಿ ತಿರುಗುವುದು. ತೀರ ಕೆಳಗಾದರೆ ಮರಳದಿಣ್ಣೆಗೆ ತಗಲುವುದು.

ಬೋಲ್ಟುಗಳನ್ನು ಹಲಗೆಯ ಆಚೆಗೆ ದಾಟಿಸಿ, ಒಳಗಡೆ ಅಗಲವಾದ ಲೋಹದ ಪಟ್ಟಿಯನ್ನಿಟ್ಟು ಬಿಗಿದು, ತೂತುಗಳಿಗೆ ನೀರು ಇಳಿಯದಂತೆ ಮೆತ್ತಬೇಕು. ಅದುರುವಿಕೆಯಿಂದ ತಿರುಪುಗಳು ಸಡಿಲುವುದರಿಂದ ಪ್ರತಿ ಪ್ರಯಾಣಕ್ಕೆ ಮುನ್ನ ಅವನ್ನು ನೋಡಬೇಕು. ಇಂಜಿನನ್ನು ಸರಪಣಿಯಿಂದ ದೋಣಿಗೆ ಕಟ್ಟಿರಬೇಕು.

ಜೂನ್ 1 ರಿಂದ ಜುಲೈ 31 ರ ವರೆಗೆ ಯಂತ್ರದೋಣಿಗಳಿಗೆ ಮೀನುಗಾರಿಕೆಯು ನಿಷಿದ್ಧವಾಗಿದ್ದು, 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಮಾತ್ರ ಅನುಮತಿಯುಂಟು. ಆ ಮಳೆಗಾಲದಲ್ಲಿ ಅಳಿವೆಯ ಬಾಯಿಯಲ್ಲಿ ಇಂಜಿನು ಕಳಚಿದರೆ ದೋಣಿಯು ತೆರೆಗೆ ಅಡ್ಡವಾಗಿ ಮಗುಚುವ ಭಯವಿದೆ. ಆದಕಾರಣ ಹುಟ್ಟುಗಳನ್ನು ಮನೆಯಲ್ಲಿ ಬಿಡಲಾಗದು.

ಹೊಸ ಹಲಗೆಯ ಬೆಲೆಯು ಇಂಜಿನಿನ ಬೆಲೆಯ ಮುಂದೆ ಅತ್ಯಲ್ಪ. ಆದುದರಿಂದ ಮೊದಲ ಹಣವು ಬಡಗಿಗೆ ಸಲ್ಲಲಿ, ಎರಡನೆಯದು ಅಂಗಡಿಗೆ. ಸಾಲದಿಂದ ಇನ್ನೊಂದು ಇಂಜಿನು ಬಂದೀತು; ಅಳಿವೆಯಲ್ಲಿ ಹೋದ ಜೀವವು ಬಾರದು.