ಫಲಿತಾಂಶ ಸುಧಾರಣೆ ಗರ್ಭಿಣಿಯ ತಟ್ಟೆಯಿಂದ ಶುರುವಾಗಲಿ

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾದಗಿರಿ ಶೇ 50.59 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಫಲಿತಾಂಶ ಕುಸಿದಾಗಲೆಲ್ಲ ಚರ್ಚೆ ನಿಲ್ಲುವುದು ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆಗಳ ಬಳಿಯೇ. ಇದೇ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ರಾಜ್ಯದ ಸರಾಸರಿ ಶೇ 35ರ ಆಸುಪಾಸು. ಶಿಕ್ಷಣ ಇಲಾಖೆಯ ಕಡತದಲ್ಲೊಂದು, ಆರೋಗ್ಯ ಇಲಾಖೆಯ ಕಡತದಲ್ಲೊಂದು ಬಿದ್ದಿರುವ ಈ ಅಂಕಿಗಳನ್ನು ಒಟ್ಟಿಗೆ ಓದಬೇಕಿದೆ.

ಈ ಎರಡನ್ನೂ ಬೆಸೆಯುವುದು ಮಿದುಳು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಯಾವುದು ಯಾವುದರೊಂದಿಗೆ ಜೋಡಣೆಯಾಗಿದೆ, ಆ ಜೋಡಣೆ ಎಷ್ಟು ಗಟ್ಟಿ ಎಂಬುದರ ಮೇಲೆ ಸಂಕೇತಗಳ ಹಾದಿ, ವೇಗ, ಲಯ ನಿಂತಿದೆ. ನರತಂತುವಿನ ಮೇಲೆ ಮಯಲಿನ್ ಎಂಬ ಕೊಬ್ಬಿನ ಪದರ ವಿದ್ಯುತ್ ತಂತಿಯ ಹೊದಿಕೆಯಂತೆ ಸುತ್ತಿಕೊಳ್ಳುತ್ತದೆ. ಪದರವಿಲ್ಲದ ತಂತುವಿನಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ತೆವಳುವ ಸಂಕೇತ, ದಪ್ಪ ಪದರವಿರುವಲ್ಲಿ ನೂರು ಮೀಟರ್‌ವರೆಗೂ ಓಡಬಲ್ಲದು. ಈ ಪದರ ನೇಯುವ ಕೋಶಗಳಿಗೆ ಕಬ್ಬಿಣಾಂಶ ಬೇಕೇಬೇಕು; ಗರ್ಭದಲ್ಲಿರುವ ಕೂಸಿಗೆ ಅದು ಸಿಗುವುದು ತಾಯಿಯಿಂದಲೇ. ಚಿಲಿ ದೇಶದ ವಿಜ್ಞಾನಿಗಳು ರಕ್ತಹೀನತೆಯಿದ್ದ ಆರು ತಿಂಗಳ ಕೂಸುಗಳ ಕಿವಿಗೆ ಸದ್ದು ಕೇಳಿಸಿ, ಅದರ ಸಂಕೇತ ಮಿದುಳಿನ ಕಾಂಡವನ್ನು ಹಾಯಲು ಹಿಡಿಯುವ ಸಮಯ ಅಳೆದರು. ರಕ್ತಹೀನತೆಯಿಲ್ಲದ ಕೂಸುಗಳಿಗಿಂತ ಸಂಕೇತ ನಿಧಾನವಾಗಿತ್ತು. ಕಬ್ಬಿಣಾಂಶ ಕೊಟ್ಟು ರಕ್ತ ಸರಿಪಡಿಸಿದ ಮೇಲೂ, ನಾಲ್ಕನೇ ವಯಸ್ಸಿನಲ್ಲಿ ಆ ವ್ಯತ್ಯಾಸ ಪೂರ್ತಿ ಅಳಿದಿರಲಿಲ್ಲ.

ಹಾಗಾದರೆ ಈ ಮಕ್ಕಳ ಹಣೆಬರಹ ತೊಟ್ಟಿಲಲ್ಲೇ ಮುಗಿಯಿತೇ ಎಂಬ ಆಕ್ಷೇಪ ಸಹಜ. ಇಲ್ಲ. ಜೋಡಣೆಯಿಂದ ಚಟುವಟಿಕೆ ರೂಪುಗೊಳ್ಳುವಂತೆ, ಮಾತು, ಆಟ, ಅಪ್ಪುಗೆಯಿಂದ ಹುಟ್ಟುವ ಚಟುವಟಿಕೆಯೂ ಜೋಡಣೆಯನ್ನು ತಿದ್ದುತ್ತದೆ. ರುಮೇನಿಯಾದ ಅನಾಥಾಲಯಗಳಿಂದ ಎರಡು ವರ್ಷದೊಳಗೆ ಸಾಕುಮನೆ ಸೇರಿದ ಮಕ್ಕಳ ಮಿದುಳಿನ ವಿದ್ಯುತ್ ಅಲೆಗಳು ಎಂಟನೇ ವಯಸ್ಸಿಗೆ ಮನೆಯಲ್ಲೇ ಬೆಳೆದ ಮಕ್ಕಳ ಅಲೆಗಳಿಗೆ ಸಮೀಪವಾಗಿದ್ದವು. ತಡವಾಗಿ ಹೋದವರಲ್ಲಿ ಅಷ್ಟು ಚೇತರಿಕೆ ಕಾಣಲಿಲ್ಲ. ದಾರಿ ಮುಚ್ಚುವುದಿಲ್ಲ, ಕಡಿದಾಗುತ್ತದೆ. ಶಾಲೆಯ ಕೊರತೆಗಳಿಗೆ ಪೌಷ್ಟಿಕತೆಯ ಈ ವಾದ ನೆಪವಾಗುತ್ತದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಶಿಕ್ಷಕರಿಲ್ಲದ ಶಾಲೆಯಲ್ಲಿ ಯಾವ ಮಿದುಳೂ ಬೀಜಗಣಿತ ಕಲಿಯದು. ಅಂಕಪಟ್ಟಿ ಮಿದುಳಿನ ಅಳತೆಗೋಲೂ ಅಲ್ಲ. ಆದರೆ ಶಿಕ್ಷಕರ ನೇಮಕಾತಿಯೂ ಗರ್ಭಿಣಿಯ ಊಟವೂ ಒಂದಕ್ಕೊಂದು ಪೈಪೋಟಿ ನೀಡುವಂಥವಲ್ಲ.

2017ರ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ತಂದಿತು. 2021ರ ಡಿಸೆಂಬರಿನಲ್ಲಿ ಯಾದಗಿರಿಯೂ ಸೇರಿ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಬಂತು. ಮೊಟ್ಟೆ ವಿರೋಧಿಸಿ ಎದ್ದಷ್ಟು ಗದ್ದಲ ಹಸಿವಿನ ಬಗ್ಗೆ ಎಂದೂ ಏಳಲಿಲ್ಲ. ಮೊಟ್ಟೆ ಒಳ್ಳೆಯದೇ, ಆದರೆ ಶಾಲೆಗೆ ಬರುವ ಹೊತ್ತಿಗೆ ಮಗುವಿನ ವಯಸ್ಸು ಆರರ ಆಸುಪಾಸು ಇರುತ್ತದೆ. ಮೂರರೊಳಗಿನ ಕೂಸಿಗೆ ಸಿಗುವುದು ಮನೆಗೊಯ್ಯುವ ಪೊಟ್ಟಣ. ಬಡಮನೆಯಲ್ಲಿ ಅದು ಎಲ್ಲರ ಪಾಲಾಗುತ್ತದೆ. ಗರ್ಭಿಣಿಯೂ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ ಬೆನ್ನಿಗೇ ಚಹಾ ಕುಡಿದರೆ ಸೊಪ್ಪು–ಧಾನ್ಯದ ಕಬ್ಬಿಣಾಂಶ ಮೈಗೆ ಹತ್ತುವುದು ಇನ್ನಷ್ಟು ಕಡಿಮೆಯಾಗುತ್ತದೆ. ಸುರಪುರ, ಶಹಾಪುರ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದ ಬಸುರಿಯ ಹೆಸರು ಊರಿನ ಅಂಗನವಾಡಿ ದಾಖಲೆಯಲ್ಲೇ ಉಳಿದರೆ ಊಟ ಅವಳನ್ನು ಮುಟ್ಟದು. ಆ ಹೆಸರು ಅವಳ ಜೊತೆಗೇ ಬೆಂಗಳೂರಿನ ಅಂಗನವಾಡಿಗೆ ಹೋಗುವ ವ್ಯವಸ್ಥೆ ಗಟ್ಟಿಯಾಗಬೇಕು. ಜಿಲ್ಲಾ ಪಂಚಾಯಿತಿಯ ಫಲಿತಾಂಶ ಪರಿಶೀಲನಾ ಸಭೆಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೂ ಕರೆಯಬೇಕು, ತಾಲ್ಲೂಕುವಾರು ಗರ್ಭಿಣಿಯರ ಹಿಮೋಗ್ಲೋಬಿನ್ ಪಟ್ಟಿಯೊಂದಿಗೆ.